ಸಂಸ್ಕಾರಗಳ ಸಾಕ್ಷ್ಯ: ಕರಾವಳಿಯ ಕಥೋಲಿಕ ಬದುಕಿನ ಮೂರು ಸಂದಿಗ್ಧ ಕಾಲಗಳು

‘ಸಂಸ್ಕಾರ’ ಎಂಬ ಶಬ್ದ ಕನ್ನಡ ಓದುಗರಿಗೆ ಹೊಸದಲ್ಲ. ಗರ್ಭಾಧಾನದಿಂದ ಅಂತ್ಯೇಷ್ಟಿಯವರೆಗಿನ ಷೋಡಶ ಸಂಸ್ಕಾರಗಳನ್ನು ವೈದಿಕ ಪರಂಪರೆ ಎಣಿಸುತ್ತದೆ. ಆಡುಮಾತಿನಲ್ಲಿ ಶವಸಂಸ್ಕಾರವನ್ನೂ ನಡೆನುಡಿಯ ಸಭ್ಯತೆಯನ್ನೂ ಅದೇ ಶಬ್ದ ಸೂಚಿಸುತ್ತದೆ. ಕನ್ನಡ ನಾಡಿನ ಕಥೋಲಿಕ ಕ್ರೈಸ್ತರು ತಮ್ಮ ಧರ್ಮಸಭೆಯ ಏಳು ಪವಿತ್ರ ವಿಧಿಗಳಿಗೂ ಇದೇ ಹೆಸರನ್ನು ಬಳಸುತ್ತಾರೆ. ಜ್ಞಾನಸ್ನಾನ, ದೃಢೀಕರಣ, ಪರಮಪ್ರಸಾದ, ಪಾಪನಿವೇದನೆ, ರೋಗಿಗಳ ಅಭ್ಯಂಗ, ಗುರುದೀಕ್ಷೆ ಮತ್ತು ವಿವಾಹ ಎಂಬ ಈ ಏಳು ವಿಧಿಗಳು ತೊಟ್ಟಿಲಿನಿಂದ ಸಮಾಧಿಯವರೆಗಿನ ಬದುಕನ್ನು ಸುತ್ತುವರಿದಿವೆ.

ಕರ್ನಾಟಕದ ಕರಾವಳಿಯ ಕಥೋಲಿಕರ ಚರಿತ್ರೆಯನ್ನು ಸಾಮಾನ್ಯವಾಗಿ ವಲಸೆ, ಯುದ್ಧ, ಸೆರೆ, ಇಗರ್ಜಿಗಳ ನಿರ್ಮಾಣ ಎಂಬ ಕ್ರಮದಲ್ಲಿ ಬರೆಯಲಾಗಿದೆ. ಈ ಘಟನೆಗಳೆಲ್ಲವೂ ನಡೆದವುಗಳೇ. ಆದರೆ ಆ ಕಾಲದಲ್ಲಿ ಬದುಕಿದ ಸಾಮಾನ್ಯ ಕುಟುಂಬವೊಂದಕ್ಕೆ ಎದುರಾದ ಪ್ರಶ್ನೆಗಳು ಬೇರೆ ಬಗೆಯವು. ಹುಟ್ಟಿದ ಮಗುವಿಗೆ ಜ್ಞಾನಸ್ನಾನ ಕೊಡುವವರು ಯಾರು? ನಡೆದ ಮದುವೆ ಊರ್ಜಿತವೇ? ಪಾಪನಿವೇದನೆಯನ್ನು ಕೇಳಿದ ಗುರುವಿಗೆ ಕ್ಷಮೆ ನೀಡುವ ಅಧಿಕಾರವಿತ್ತೇ? ಮೂರು ಸಂದಿಗ್ಧ ಕಾಲಗಳಲ್ಲಿ, ಅಂದರೆ ೧೬೭೦–೮೦ರ ದಶಕಗಳಲ್ಲಿ, ೧೭೮೪ರಿಂದ ೧೭೯೯ರವರೆಗೆ ಮತ್ತು ೧೯ನೆಯ ಶತಮಾನದಲ್ಲಿ, ಈ ಪ್ರಶ್ನೆಗಳು ತೀವ್ರವಾಗಿ ಎದ್ದವು. ಅವುಗಳ ಮೂಲಕ ಸಮುದಾಯದ ಚರಿತ್ರೆಯನ್ನು ನೋಡಿದಾಗ ಸಂಸ್ಕಾರಗಳು ಕೇವಲ ಧಾರ್ಮಿಕ ಆಚರಣೆಗಳಾಗಿರದೆ ಸಮುದಾಯವೊಂದರ ಸದಸ್ಯತ್ವ, ಕೌಟುಂಬಿಕ ಮಾನ್ಯತೆ ಹಾಗೂ ಮರಳಿ ಸೇರುವ ಹಕ್ಕು ಇವೆಲ್ಲದರ ಆಧಾರವಾಗಿದ್ದವು ಎಂಬುದು ಮನಗಾಣುತ್ತದೆ.

ತತ್ತ್ವ ಮತ್ತು ನಿಯಮ

ಸಂಸ್ಕಾರವೆಂದರೆ ಕಣ್ಣಿಗೆ ಕಾಣದ ದೈವಕೃಪೆಯ ಕಾಣುವ ಕುರುಹು ಎಂಬ ವಿವರಣೆಯ ಮೂಲ ಐದನೆಯ ಶತಮಾನದ ಸಂತ ಅಗಸ್ಟೀನನ ಚಿಂತನೆಯಲ್ಲಿದೆ. ಸಂಸ್ಕಾರಗಳು ಏಳು ಎಂಬ ಎಣಿಕೆಯು ೧೨ನೆಯ ಶತಮಾನದಲ್ಲಿ ಪೀಟರ್ ಲೊಂಬಾರ್ಡನ ಬರವಣಿಗೆಯಿಂದ ನೆಲೆಗೊಂಡಿತು. ಪ್ರೊಟೆಸ್ಟಂಟ್ ಸುಧಾರಕರು ಈ ಎಣಿಕೆಯನ್ನು ಪ್ರಶ್ನಿಸಿದಾಗ, ಟ್ರೆಂಟ್ ಮಹಾಸಭೆಯು ೧೫೪೭ರಲ್ಲಿ ಅದನ್ನು ವಿಶ್ವಾಸದ ವಿಧಿಯಾಗಿ ಘೋಷಿಸಿತು. ಸಂಸ್ಕಾರದ ಫಲ ಅದನ್ನು ನೀಡುವ ವ್ಯಕ್ತಿಯ ಪಾವಿತ್ರ್ಯವನ್ನು ಅವಲಂಬಿಸಿಲ್ಲ, ವಿಧಿವತ್ತಾಗಿ ನೆರವೇರಿದ ಕ್ರಿಯೆಯಲ್ಲಿಯೇ ಅದು ಅಡಕವಾಗಿದೆ ಎಂಬುದನ್ನೂ ಅದೇ ಸಭೆ ಎತ್ತಿಹಿಡಿಯಿತು.

ಕರಾವಳಿಯ ಚರಿತ್ರೆಯನ್ನು ಅರಿಯಲು ಈ ತತ್ತ್ವದ ಒಳಗಿರುವ ಒಂದು ಭೇದವನ್ನು ಗಮನಿಸುವುದು ಅಗತ್ಯ. ಏಳು ಸಂಸ್ಕಾರಗಳೂ ಒಂದೇ ಬಗೆಯ ಅಧಿಕಾರವನ್ನು ಬೇಡುವುದಿಲ್ಲ. ಜ್ಞಾನಸ್ನಾನಕ್ಕೆ ಬೇಕಾದುದು ನೀರು, ತ್ರಿತ್ವದ ಹೆಸರಿನ ಮಂತ್ರ ಮತ್ತು ಧರ್ಮಸಭೆಯ ಸಂಕಲ್ಪವನ್ನು ನೆರವೇರಿಸುವ ಉದ್ದೇಶ. ತುರ್ತಿನ ಸಂದರ್ಭದಲ್ಲಿ ಯಾರು ಬೇಕಾದರೂ, ಸ್ತ್ರೀಯೇ ಆಗಲಿ ಅನ್ಯಮತೀಯರೇ ಆಗಲಿ, ಅದನ್ನು ನೀಡಬಹುದು. ಟ್ರೆಂಟ್ ಸಭೆಯ ಬಳಿಕ ೧೫೬೬ರಲ್ಲಿ ಹೊರಬಂದ ರೋಮನ್ ಧರ್ಮೋಪದೇಶ ಗ್ರಂಥವು ಜನಸಾಮಾನ್ಯರಿಗೆ, ಅದರಲ್ಲೂ ಸೂಲಗಿತ್ತಿಯರಿಗೆ, ಈ ವಿಧಿಯನ್ನು ಕಲಿಸಬೇಕೆಂದು ಗುರುಗಳಿಗೆ ಸೂಚಿಸುತ್ತದೆ. ಒಮ್ಮೆ ಪಡೆದ ಜ್ಞಾನಸ್ನಾನ ಆತ್ಮದ ಮೇಲೆ ಅಳಿಸಲಾಗದ ಮುದ್ರೆಯನ್ನೊತ್ತುತ್ತದೆ. ಆದ್ದರಿಂದ ಅದನ್ನು ಮತ್ತೆ ನೀಡಲಾಗದು, ಕಿತ್ತುಕೊಳ್ಳಲೂ ಆಗದು.

ಪಾಪನಿವೇದನೆ ಮತ್ತು ವಿವಾಹಗಳ ಸ್ಥಿತಿ ಹಾಗಲ್ಲ. ಪಾಪಕ್ಷಮೆ ನೀಡಲು ಗುರುದೀಕ್ಷೆಯೊಂದೇ ಸಾಲದು, ಆ ಜನರ ಮೇಲೆ ಧರ್ಮಾಧಿಕಾರವೂ ಇರಬೇಕು. ಮರಣಭಯದ ಸಂದರ್ಭ ಮಾತ್ರ ಇದಕ್ಕೆ ಅಪವಾದ. ವಿವಾಹದ ವಿಷಯದಲ್ಲಿ ೧೫೬೩ರ ‘ತಾಮೆತ್ಸಿ’ ಶಾಸನವು ಧರ್ಮಕೇಂದ್ರದ ಗುರು ಅಥವಾ ಅವರಿಂದ ನೇಮಿತನಾದ ಗುರು ಹಾಗೂ ಇಬ್ಬರು ಅಥವಾ ಮೂವರು ಸಾಕ್ಷಿಗಳ ಸಮಕ್ಷಮದಲ್ಲಿ ನಡೆಯದ ಮದುವೆಯನ್ನು ಅಸಿಂಧುವೆಂದಿತು. ಗುಟ್ಟಾಗಿ ಮದುವೆಯಾಗಿ ಬಳಿಕ ಹೆಣ್ಣನ್ನು ತೊರೆಯುವ ಅನಿಷ್ಟವನ್ನು ತಡೆಯುವುದೇ ಈ ಶಾಸನದ ಉದ್ದೇಶವಾಗಿತ್ತು. ೧೫೬೭ರ ಗೋವೆಯ ಪ್ರಾಂತೀಯ ಸಭೆ ಟ್ರೆಂಟಿನ ನಿರ್ಣಯಗಳನ್ನು ಪೂರ್ವದೇಶಗಳಲ್ಲಿ ಜಾರಿಗೊಳಿಸಲು ಮುಂದಾಯಿತು. ಹೀಗೆ ಜ್ಞಾನಸ್ನಾನ ನೀರು ಮತ್ತು ಮಾತಿನ ಮೇಲೆ ನಿಂತರೆ, ಪಾಪನಿವೇದನೆ ಮತ್ತು ವಿವಾಹಗಳು ಅಧಿಕಾರದ ಮೇಲೆಯೂ ನಿಂತವು. ಮುಂದಿನ ಮೂರು ಶತಮಾನಗಳ ಕಾಲ ಕರಾವಳಿಯ ಜನರನ್ನು ಕಾಡಿದ್ದು ಈ ಭೇದವೇ.

ವಲಸೆ ಬಂದ ಮಾತುಗಳು

ಗೋವೆಯಿಂದ ಕೆನರಾ ಪ್ರದೇಶಕ್ಕೆ ಕ್ರೈಸ್ತರ ವಲಸೆ ೧೬ನೆಯ ಶತಮಾನದಿಂದ ೧೮ನೆಯ ಶತಮಾನದವರೆಗೆ ಹಲವು ಅಲೆಗಳಲ್ಲಿ ನಡೆಯಿತು. ೧೫೬೦ರಲ್ಲಿ ಗೋವೆಯಲ್ಲಿ ಆರಂಭವಾದ ಧರ್ಮವಿಚಾರಣೆ, ಕ್ಷಾಮ, ಪೋರ್ಚುಗೀಸರ ತೆರಿಗೆ, ೧೬೮೩ರಲ್ಲಿ ನಡೆದ ಸಂಭಾಜಿಯ ದಂಡಯಾತ್ರೆ, ೧೭೩೦ರ ದಶಕದ ಕೊನೆಯ ಮರಾಠಾ ದಾಳಿಗಳು ಇದಕ್ಕೆ ಕಾರಣಗಳೆಂದು ಚರಿತ್ರಕಾರರು ಗುರುತಿಸಿದ್ದಾರೆ. ಒಳ್ಳೆಯ ಬೇಸಾಯಗಾರರಾದ ಈ ಜನರಿಗೆ ಕೆಳದಿಯ ಅರಸರು ಭೂಮಿಯನ್ನೂ ಆಶ್ರಯವನ್ನೂ ನೀಡಿದರು. ೧೬೭೮ರಲ್ಲಿ ಕೆಳದಿ ಮತ್ತು ಪೋರ್ಚುಗೀಸರ ನಡುವೆ ಏರ್ಪಟ್ಟ ಒಪ್ಪಂದವು ಮಿರ್ಜಾನ್, ಭಟ್ಕಳ, ಕಲ್ಯಾಣಪುರ ಮೊದಲಾದ ಸ್ಥಳಗಳಲ್ಲಿ ಇಗರ್ಜಿಗಳನ್ನು ಕಟ್ಟಲು ಅವಕಾಶ ಕಲ್ಪಿಸಿತು.

ವಲಸಿಗರು ಸಂಸ್ಕಾರಗಳ ಹೆಸರುಗಳನ್ನೂ ತಮ್ಮೊಡನೆ ತಂದರು. ಮಂಗಳೂರು ಕಡೆಯ ಕೊಂಕಣಿಯಲ್ಲಿ ಪಾಪನಿವೇದನೆ ‘ಕುಮ್ಸಾರ್’, ಪರಮಪ್ರಸಾದ ಸ್ವೀಕಾರ ‘ಕುಮ್ಗಾರ್’, ಮದುವೆ ‘ಕಾಜಾರ್’ ಎನಿಸಿದವು. ಇವೆಲ್ಲ ಪೋರ್ಚುಗೀಸ್ ಶಬ್ದಗಳ ದೇಸಿ ರೂಪಗಳು. ಜೆಸ್ವಿತ ಗುರು ಥಾಮಸ್ ಸ್ಟೀಫನ್ಸ್ ರಚಿಸಿದ ಕೊಂಕಣಿ ಧರ್ಮೋಪದೇಶ ಗ್ರಂಥ ಅವನ ಮರಣಾನಂತರ, ೧೬೨೨ರಲ್ಲಿ, ರಾಯ್ತೂರಿನಲ್ಲಿ ಅಚ್ಚಾಯಿತು. ಲತೀನಿನಲ್ಲಿ ನಡೆಯುತ್ತಿದ್ದ ವಿಧಿಗಳ ಅರ್ಥ ಜನರಿಗೆ ತಲುಪಿದ್ದು ಇಂಥ ದೇಶಭಾಷೆಯ ಬೋಧನೆಯಿಂದ. ಮದುವೆಯ ಮುನ್ನಾದಿನ ವಧೂವರರಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ‘ರೋಸ್’ ಮುಂತಾದ ಪದ್ಧತಿಗಳು ಇಗರ್ಜಿಯ ವಿಧಿಯ ಜೊತೆಯಲ್ಲಿಯೇ ಮುಂದುವರಿದವು. ೧೭೩೬ರಲ್ಲಿ ಗೋವೆಯ ಧರ್ಮವಿಚಾರಣಾ ಮಂಡಳಿ ಇಂಥ ಅನೇಕ ದೇಶೀಯ ಆಚಾರಗಳನ್ನು ನಿಷೇಧಿಸಿತು. ಪೋರ್ಚುಗೀಸ್ ಆಳ್ವಿಕೆಯ ಹೊರಗಿದ್ದ ಕೆನರಾದಲ್ಲಿ ಅವು ಉಳಿದುಕೊಂಡವು. ಮನೆಯಂಗಳದ ಶಾಸ್ತ್ರ ಮತ್ತು ಬಲಿಪೀಠದ ಮುಂದಿನ ವಚನ ಇವೆರಡೂ ಸೇರಿ ಇಲ್ಲಿನ ಮದುವೆ ಪೂರ್ಣವೆನಿಸಿತು.

ಮೊದಲನೆಯ ಸಂದಿಗ್ಧ: ಇಬ್ಬರು ಅಧಿಕಾರಿಗಳು

ಪೂರ್ವದೇಶಗಳ ಧರ್ಮಸಭೆಯ ಪೋಷಣೆ ಮತ್ತು ನೇಮಕಾತಿಗಳ ಹಕ್ಕನ್ನು ಪೋಪರು ಪೋರ್ಚುಗಲ್ಲಿನ ದೊರೆಗೆ ನೀಡಿದ್ದರು. ಇದು ‘ಪಾದ್ರುವಾದೊ’ ಎಂದು ಪ್ರಸಿದ್ಧ. ೧೬೨೨ರಲ್ಲಿ ರೋಮಿನಲ್ಲಿ ‘ಪ್ರೊಪಗಾಂದಾ ಫೀದೆ’ ಎಂಬ ಧರ್ಮಪ್ರಸಾರ ಮಂಡಳಿ ಸ್ಥಾಪನೆಯಾದ ಮೇಲೆ ಪೋಪರು ನೇರವಾಗಿ ತಮ್ಮ ಪ್ರತಿನಿಧಿಗಳನ್ನು ಕಳುಹಿಸತೊಡಗಿದರು. ೧೬೭೦ರ ದಶಕದಲ್ಲಿ ಗೋವೆಯವರೇ ಆದ ಥಿಯಾಟಿನ್ ಸಭೆಯ ತೊಮಾಸ್ ದೆ ಕಾಸ್ತ್ರೊ ಬಿಷಪರಾಗಿ ಕೆನರಾದ ಹೊಣೆ ಹೊತ್ತು ಬಂದದ್ದು ಹೀಗೆ. ಗೋವೆಯ ಧರ್ಮಾಧಿಕಾರಿಗಳು ಇವರ ಅಧಿಕಾರವನ್ನು ಮಾನ್ಯ ಮಾಡಲಿಲ್ಲ.

ಜನರ ಪಾಲಿಗೆ ಇದು ರೋಮ್ ಮತ್ತು ಲಿಸ್ಬನ್ನುಗಳ ನಡುವಿನ ದೂರದ ಜಗಳವಾಗಿ ಉಳಿಯಲಿಲ್ಲ. ಕಾಸ್ತ್ರೊ ಅವರಿಗೆ ಧರ್ಮಾಧಿಕಾರವಿಲ್ಲವೆಂದಾದರೆ ಅವರ ಗುರುಗಳು ನೀಡಿದ ಪಾಪಕ್ಷಮೆ ಮತ್ತು ನಡೆಸಿದ ಮದುವೆಗಳು ಶೂನ್ಯವಾಗುತ್ತಿದ್ದವು. ಅಧಿಕಾರ ಅವರದೇ ಎಂದಾದರೆ ಗೋವೆಯ ಗುರುಗಳು ನಡೆಸಿದವು ಶೂನ್ಯವಾಗುತ್ತಿದ್ದವು. ಯಾವ ಪಕ್ಷವನ್ನು ಹಿಡಿದರೂ ಊರಿನ ಅರ್ಧ ಮದುವೆಗಳು ಸಂದೇಹಕ್ಕೆ ಒಳಗಾಗುವ ಸ್ಥಿತಿ ಅದು. ಇಬ್ಬರ ಜ್ಞಾನಸ್ನಾನವನ್ನು ಮಾತ್ರ ಯಾರೂ ಅಲ್ಲಗಳೆಯುವಂತಿರಲಿಲ್ಲ.

ಈ ಗೊಂದಲದ ನಡುವೆ ೧೬೮೧ರಲ್ಲಿ ಗೋವೆಯಿಂದ ಕೆನರಾದ ಪ್ರಾದೇಶಿಕ ಮುಖ್ಯಗುರುವಾಗಿ ಬಂದವರು ಜೋಸೆಫ್ ವಾಜ್. ೧೬೫೧ರಲ್ಲಿ ಬೆನಾವಲಿಯಲ್ಲಿ ಹುಟ್ಟಿ ೧೬೭೬ರಲ್ಲಿ ಗುರುದೀಕ್ಷೆ ಪಡೆದ ಅವರು ಗೋವೆಯ ಪಕ್ಷದ ಪ್ರತಿನಿಧಿಯಾಗಿ ಬಂದರೂ ಜಗಳವನ್ನು ಬೆಳೆಸಲಿಲ್ಲ. ಕಾಸ್ತ್ರೊ ಅವರನ್ನು ಗೌರವದಿಂದ ಕಂಡು ತಾತ್ಕಾಲಿಕ ಹೊಂದಾಣಿಕೆಗೆ ಯತ್ನಿಸಿದರು. ಎರಡೂ ಕಡೆಯವರಿಗೆ ಸಂಸ್ಕಾರಗಳು ನಿಸ್ಸಂದೇಹವಾಗಿ ದೊರೆಯಬೇಕೆಂಬುದೇ ಅವರ ಕಾಳಜಿಯಾಗಿತ್ತು. ಮಂಗಳೂರು, ಬಸ್ರೂರು, ಗಂಗೊಳ್ಳಿ, ಕುಂದಾಪುರ ಸೀಮೆಗಳಲ್ಲಿ ಸಂಚರಿಸಿ ಅವರು ಚದುರಿದ್ದ ಕುಟುಂಬಗಳನ್ನು ಮತ್ತೆ ಧರ್ಮಕೇಂದ್ರಗಳಾಗಿ ಕೂಡಿಸಿದರು. ೧೬೮೪ರಲ್ಲಿ ಕಾಸ್ತ್ರೊ ಮರಣಹೊಂದಿದರು. ಅದೇ ವರ್ಷ ವಾಜ್ ಗೋವೆಗೆ ಮರಳಿ, ೧೬೮೭ರಲ್ಲಿ ಡಚ್ಚರ ನಿಷೇಧವನ್ನು ಮೀರಿ ಸಿಂಹಳವನ್ನು ತಲುಪಿ, ದಶಕಗಳಿಂದ ಗುರುಗಳಿಲ್ಲದೆ ಉಳಿದಿದ್ದ ಅಲ್ಲಿನ ಕಥೋಲಿಕರ ಸೇವೆಯಲ್ಲಿ ೧೭೧೧ರಲ್ಲಿ ಪ್ರಾಣ ಬಿಟ್ಟರು. ೨೦೧೫ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಎರಡನೆಯ ಸಂದಿಗ್ಧ: ಗುರುಗಳಿಲ್ಲದ ಹದಿನೈದು ವರ್ಷ

ಎರಡನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ ಕರಾವಳಿಯ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನನು ಅವರ ಸೆರೆಗೆ ಆಜ್ಞೆ ಹೊರಡಿಸಿದನು. ೧೭೮೪ರ ಫೆಬ್ರವರಿ ತಿಂಗಳ ಕೊನೆಯ ವಾರದಲ್ಲಿ, ಸಮುದಾಯದ ನೆನಪಿನಂತೆ ವಿಭೂತಿ ಬುಧವಾರದಂದು, ಊರೂರುಗಳಲ್ಲಿ ಕುಟುಂಬಗಳನ್ನು ಒಟ್ಟಾಗಿ ಹಿಡಿಯಲಾಯಿತು. ಗುರುಗಳನ್ನು ರಾಜ್ಯದಿಂದ ಹೊರಗಟ್ಟಲಾಯಿತು, ಇಗರ್ಜಿಗಳನ್ನು ಕೆಡವಲಾಯಿತು, ಜನರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಸೆರೆಯಾದವರ ಸಂಖ್ಯೆಯ ಬಗೆಗೆ ೩೦,೦೦೦ದಿಂದ ೮೦,೦೦೦ದವರೆಗೆ ಅಂದಾಜುಗಳಿವೆ. ೬೦,೦೦೦ ಎಂಬ ಅಂಕಿ ಹೆಚ್ಚು ಬಳಕೆಯಲ್ಲಿದೆ. ದಾರಿಯ ಆಯಾಸ, ರೋಗ, ಹಸಿವುಗಳಿಂದ ಅನೇಕರು ಸತ್ತರು. ಯುವಕರನ್ನು ಸೇನೆಯ ತುಕಡಿಗಳಿಗೆ ಸೇರಿಸಲಾಯಿತು, ಬಹಳಷ್ಟು ಮಂದಿಯನ್ನು ಬಲಾತ್ಕಾರವಾಗಿ ಮತಾಂತರಿಸಲಾಯಿತು. ಸೆರೆಯಿಂದ ಮರಳಿದ ಬಾರ್ಕೂರಿನ ಕ್ರೈಸ್ತನೊಬ್ಬ ಕನ್ನಡದಲ್ಲಿ ಬರೆದಿಟ್ಟ ಹಸ್ತಪ್ರತಿ ಈ ಘಟನಾವಳಿಗೆ ದೊರೆಯುವ ಸ್ಥಳೀಯ ಸಾಕ್ಷ್ಯಗಳಲ್ಲಿ ಮುಖ್ಯವಾದುದು.

ಸೆರೆಯ ಕಾಲಸಂದರ್ಭಕ್ಕೆ ವಿಶೇಷ ಅರ್ಥವಿದೆ. ವಿಭೂತಿ ಬುಧವಾರ ನಲವತ್ತು ದಿನಗಳ ತಪಸ್ಸುಕಾಲದ ಆರಂಭ. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಿ ಪಾಸ್ಕ ಹಬ್ಬದ ಸಮಯದಲ್ಲಿ ಪರಮಪ್ರಸಾದ ಸ್ವೀಕರಿಸಬೇಕೆಂಬ ೧೨೧೫ರ ಲ್ಯಾಟೆರನ್ ಮಹಾಸಭೆಯ ಕಟ್ಟಳೆಯನ್ನು ಊರಿನ ಜನ ಪೂರೈಸುತ್ತಿದ್ದುದು ಈ ವಾರಗಳಲ್ಲಿಯೇ. ಆ ವರ್ಷದ ನಿವೇದನೆ ನಡೆಯುವ ಮುನ್ನವೇ ಅದನ್ನು ಕೇಳಬೇಕಾದವರು ಗಡಿಪಾರಾಗಿದ್ದರು.

ಏಳು ಸಂಸ್ಕಾರಗಳ ಪೈಕಿ ಸೆರೆಯಲ್ಲಿದ್ದವರಿಗೆ ಎಷ್ಟು ಉಳಿದವು ಎಂಬುದನ್ನು ಧರ್ಮಸಭೆಯ ನಿಯಮಗಳಿಂದ ಕಂಡುಕೊಳ್ಳಬಹುದು. ಗುರುವಿಲ್ಲದೆ ಬಲಿಪೂಜೆಯಿಲ್ಲ, ಪಾಪಕ್ಷಮೆಯ ವಿಧಿಯಿಲ್ಲ, ರೋಗಿಗಳ ಅಭ್ಯಂಗವಿಲ್ಲ; ಬಿಷಪರಿಲ್ಲದೆ ಗುರುದೀಕ್ಷೆಯಿಲ್ಲ, ದೃಢೀಕರಣವೂ ಇಲ್ಲ. ಉಳಿಯುವುದು ಎರಡೇ. ಒಂದು ವಿವಾಹ: ಲತೀನ್ ಪರಂಪರೆಯ ದೇವಶಾಸ್ತ್ರದ ಪ್ರಕಾರ ಈ ಸಂಸ್ಕಾರವನ್ನು ಪರಸ್ಪರ ನೀಡುವವರು ವಧೂವರರೇ; ಗುರು ಸಾಕ್ಷಿಯಾಗಿ ನಿಂತು ಆಶೀರ್ವದಿಸುತ್ತಾನೆ. ಗುರುವನ್ನು ಪಡೆಯುವುದೇ ಅಸಾಧ್ಯವಾದ ಕಡೆ ಸಾಕ್ಷಿಗಳ ಮುಂದೆ ಕೊಟ್ಟ ವಚನ ಊರ್ಜಿತವಾಗಬಹುದೆಂದು ದೇವಶಾಸ್ತ್ರಜ್ಞರು ವಾದಿಸಿದ್ದರು. ಮತ್ತೊಂದು ಜ್ಞಾನಸ್ನಾನ: ಒಂದು ಬೊಗಸೆ ನೀರು ಮತ್ತು ಬಾಯಿಪಾಠವಾದ ಒಂದು ವಾಕ್ಯ ಅದಕ್ಕೆ ಸಾಕು. ಪಾಪನಿವೇದನೆಯ ಬದಲಿಗೆ, ದೇವರ ಮೇಲಿನ ಪ್ರೀತಿಯಿಂದ ಹುಟ್ಟುವ ಪರಿಪೂರ್ಣ ಪಶ್ಚಾತ್ತಾಪವು, ಮುಂದೆ ಅವಕಾಶ ದೊರೆತಾಗ ನಿವೇದಿಸುವ ಸಂಕಲ್ಪದೊಡನೆ, ಕ್ಷಮೆಗೆ ದಾರಿಯಾಗುತ್ತದೆಂದು ಟ್ರೆಂಟ್ ಸಭೆಯೇ ಬೋಧಿಸಿತ್ತು. ಹೀಗೆ ಇಗರ್ಜಿಯಲ್ಲಿ ಗುರುಗಳ ಕೈಯಲ್ಲಿದ್ದ ಧರ್ಮ ಹದಿನೈದು ವರ್ಷಗಳ ಕಾಲ ಮನೆಯ ಹಿರಿಯರ ಹಾಗೂ ತಾಯಂದಿರ ಕೈಗೆ ಬಂದಿತು.

ಮರಳಿದವರ ಸ್ಥಾನ

೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಪತನವಾಯಿತು. ಬದುಕಿ ಉಳಿದವರಲ್ಲಿ ಹೆಚ್ಚಿನವರು ಕರಾವಳಿಯತ್ತ ನಡೆದರು, ಕೆಲವರು ಮೈಸೂರು ಸೀಮೆಯಲ್ಲಿಯೇ ನಿಂತರು. ಆಗ ಎದ್ದ ಪ್ರಶ್ನೆ ಆಸ್ತಿಪಾಸ್ತಿಯದು ಮಾತ್ರವಾಗಿರಲಿಲ್ಲ. ಬಲಾತ್ಕಾರದಿಂದಾದರೂ ಬೇರೆ ಮತಕ್ಕೆ ಸೇರಿ, ಬೇರೆ ಹೆಸರು ಪಡೆದು, ಕೆಲವೊಮ್ಮೆ ಬೇರೆ ವಿಧಿಯಲ್ಲಿ ಮದುವೆಯೂ ಆಗಿದ್ದವರು ಈಗ ಯಾರು? ಸೆರೆಯ ಮೊದಲ ವರ್ಷದಲ್ಲಿ ಹುಟ್ಟಿದ ಮಗುವಿಗೆ ಆಗ ಹದಿನೈದು ವರ್ಷ. ಇಗರ್ಜಿಯನ್ನು ಕಣ್ಣಿಂದಲೂ ಕಾಣದ ಆ ಮಗು ಯಾರು?

ಜಾತಿಭ್ರಷ್ಟರಾದವರನ್ನು ಮರಳಿ ಸೇರಿಸಿಕೊಳ್ಳುವುದು ಅಂದಿನ ಸಮಾಜದಲ್ಲಿ ಸುಲಭದ ಮಾತಾಗಿರಲಿಲ್ಲ. ಕಥೋಲಿಕ ಸಂಸ್ಕಾರತತ್ತ್ವದಲ್ಲಿ ಮಾತ್ರ ಇದಕ್ಕೆ ಸ್ಪಷ್ಟವಾದ ಉತ್ತರವಿತ್ತು. ಜ್ಞಾನಸ್ನಾನದ ಮುದ್ರೆ ಅಳಿಯದು. ಸುನ್ನತಿಯಾಗಲಿ ಹೆಸರಿನ ಬದಲಾವಣೆಯಾಗಲಿ ಅದನ್ನು ತೆಗೆದುಹಾಕಲಾರದು. ಮರಳಿದವರು ಮತಾಂತರ ಹೊಂದಬೇಕಾಗಿಲ್ಲ, ಪಾಪನಿವೇದನೆಯ ಮೂಲಕ ಸಂಧಾನಗೊಂಡರೆ ಸಾಕು. ಸೆರೆಯಲ್ಲಿ ಹುಟ್ಟಿದವರಿಗೆ ಯಾರಾದರೂ ನೀರು ಹಾಕಿದ್ದರೇ ಎಂಬ ಸಂದೇಹ ಉಳಿದ ಕಡೆ, ‘ನಿನಗೆ ಈಗಾಗಲೇ ಆಗಿಲ್ಲವಾದರೆ’ ಎಂಬ ಷರತ್ತಿನೊಡನೆ ಜ್ಞಾನಸ್ನಾನ ನೀಡುವ ಕ್ರಮ ಧರ್ಮಸಭೆಯಲ್ಲಿ ಹಿಂದಿನಿಂದಲೂ ಇತ್ತು.

ಶ್ರೀರಂಗಪಟ್ಟಣದ ಪತನದ ಬಳಿಕ ಮೈಸೂರಿನಲ್ಲಿ ಚದುರಿದ್ದ ಕ್ರೈಸ್ತರನ್ನು ಒಗ್ಗೂಡಿಸಲು ಆಹ್ವಾನ ಪಡೆದು ಬಂದವರು ಪ್ಯಾರಿಸ್ ವಿದೇಶ ಧರ್ಮಪ್ರಚಾರ ಸಂಘದ ಅಬ್ಬೆ ದ್ಯುಬುವಾ. ಹಿಂದೂಗಳ ಆಚಾರವಿಚಾರಗಳನ್ನು ಕುರಿತ ಗ್ರಂಥದಿಂದ ಪ್ರಸಿದ್ಧರಾದ ಇವರು, ೧೮೨೩ರಲ್ಲಿ ಪ್ರಕಟಿಸಿದ ತಮ್ಮ ಪತ್ರಗಳಲ್ಲಿ, ಸೆರೆಯಾದ ಅಷ್ಟೊಂದು ಜನರಲ್ಲಿ ವಿಶ್ವಾಸಕ್ಕಾಗಿ ಪ್ರಾಣ ಕೊಡಲು ಮುಂದಾದವರು ಕಾಣಲಿಲ್ಲವೆಂದು ವಿಷಾದಿಸಿದರು. ಯೂರೋಪಿನ ಹುತಾತ್ಮ ಚರಿತೆಗಳ ಅಳತೆಗೋಲಿನಿಂದ ನೋಡಿದಾಗ ಈ ವಿಷಾದ ಸಹಜ. ಆದರೆ ಈ ಅಳತೆಗೋಲು ಇನ್ನೊಂದು ಸಂಗತಿಯನ್ನು ಅಳೆಯುವುದಿಲ್ಲ. ಹದಿನೈದು ವರ್ಷಗಳ ಬಳಿಕ, ಯಾರ ಒತ್ತಾಯವೂ ಇಲ್ಲದಿರುವಾಗ, ಸಾವಿರಾರು ಮಂದಿ ತಮ್ಮ ಸೋಲನ್ನು ಒಪ್ಪಿಕೊಂಡು ಗುರುಗಳ ಮುಂದೆ ಮಂಡಿಯೂರಿದರು. ಸೋತವರು ಮರಳಿ ಬರಬಹುದೆಂಬ ಭರವಸೆಯೇ ಪಾಪನಿವೇದನೆಯ ಸಂಸ್ಕಾರದ ತಿರುಳು. ಕರಾವಳಿಯ ಸಮುದಾಯ ೧೯ನೆಯ ಶತಮಾನದಲ್ಲಿ ಮತ್ತೆ ಕಟ್ಟಿಕೊಂಡದ್ದು ಸಾಯದೆ ಬದುಕಿ ಬಂದ ಈ ಜನರಿಂದ.

ಮೂರನೆಯ ಸಂದಿಗ್ಧ: ಮತ್ತೆ ಅಧಿಕಾರದ ಪ್ರಶ್ನೆ

ಪುನರ್ನಿರ್ಮಾಣಗೊಂಡ ಸಮುದಾಯವನ್ನು ಹಳೆಯ ಪ್ರಶ್ನೆಯೇ ಮತ್ತೆ ಎದುರುಗೊಂಡಿತು. ೧೮೩೮ರಲ್ಲಿ ಪೋಪ್ ಹದಿನಾರನೆಯ ಗ್ರೆಗರಿ ಪಾದ್ರುವಾದೊ ಅಧಿಕಾರವನ್ನು ಬಹುಮಟ್ಟಿಗೆ ಮೊಟಕುಗೊಳಿಸಿದರು. ಮಂಗಳೂರು ಸೀಮೆ ಕೇರಳದ ವರಾಪ್ಪುಳದ ಆಡಳಿತಕ್ಕೆ ಸೇರಿ, ೧೮೪೫ರಲ್ಲಿ ಪ್ರತ್ಯೇಕ ಪ್ರಾಂತವಾಯಿತು. ಗೋವೆಗೆ ನಿಷ್ಠರಾದವರು ಈ ಬದಲಾವಣೆಯನ್ನು ಒಪ್ಪಲಿಲ್ಲ. ೧೮೭೮ರ ಕೊನೆಯಲ್ಲಿ ಜೆಸ್ವಿತರು ಮಂಗಳೂರಿನ ಹೊಣೆ ವಹಿಸಿಕೊಂಡರು. ೧೮೮೬ರ ಒಪ್ಪಂದದಿಂದ ಇಲ್ಲಿ ಗೋವೆಯ ಅಧಿಕಾರ ಕೊನೆಗೊಂಡು ಮಂಗಳೂರು ಧರ್ಮಪ್ರಾಂತ್ಯ ಸ್ಥಾಪಿತವಾಯಿತು.

ಅಸಮಾಧಾನಗೊಂಡ ಒಂದು ಗುಂಪು ಗೋವೆಯ ಗುರು ಹಾಗೂ ಪತ್ರಿಕಾಕರ್ತ ಅಂತೋನಿಯೊ ಫ್ರಾನ್ಸಿಸ್ಕೊ ಶಾವಿಯೆರ್ ಆಲ್ವಾರಿಸರ ನೇತೃತ್ವವನ್ನು ಅರಸಿತು. ೧೮೮೯ರ ಜುಲೈನಲ್ಲಿ ಮಲಂಕರ ಸಿರಿಯನ್ ಬಿಷಪರಿಂದ ಅಭಿಷೇಕ ಪಡೆದು ಅವರು ಮಾರ್ ಜೂಲಿಯಸ್ ಎನಿಸಿದರು. ಅವರ ಹಾಗೂ ಆರ್. ಝಡ್. ನೊರೊನ್ಹಾ ಎಂಬ ಗುರುಗಳ ಶ್ರಮದಿಂದ ಬ್ರಹ್ಮಾವರದಲ್ಲಿ ಬೆಳೆದ ಕೊಂಕಣಿ ಭಾಷಿಕ ಸಿರಿಯನ್ ಆರ್ಥೊಡಾಕ್ಸ್ ಸಮುದಾಯ ಇಂದಿಗೂ ಇದೆ.

ಈ ಒಡಕಿನಲ್ಲಿಯೂ ೧೭ನೆಯ ಶತಮಾನದ ಭೇದವೇ ಮರುಕಳಿಸಿತು. ರೋಮಿನ ದೃಷ್ಟಿಯಲ್ಲಿ ಪ್ರೇಷಿತ ಪರಂಪರೆಯುಳ್ಳ ಬಿಷಪರಿಂದ ಬಂದ ಗುರುದೀಕ್ಷೆ ಅಸಿಂಧುವಾಗದು, ಆ ಗುರುಗಳ ಬಲಿಪೂಜೆಯೂ ಶೂನ್ಯವಲ್ಲ. ಪ್ರಶ್ನೆಗೊಳಗಾಗುತ್ತಿದ್ದುದು ಪಾಪಕ್ಷಮೆ ಮತ್ತು ವಿವಾಹಗಳು. ಒಂದೇ ಮನೆತನದ ಎರಡು ಕವಲುಗಳು ಎರಡು ಬಲಿಪೀಠಗಳಿಗೆ ಹಂಚಿಹೋದಾಗ ನೋವು ಹೆಚ್ಚಾಗಿ ಕಾಣಿಸಿಕೊಳ್ಳುತ್ತಿದ್ದುದು ಹೆಣ್ಣು-ಗಂಡು ಕೊಟ್ಟು ತರುವ ಸಂದರ್ಭದಲ್ಲಿಯೇ. ಎರಡನೆಯ ವ್ಯಾಟಿಕನ್ ಮಹಾಸಭೆಯ (೧೯೬೨–೬೫) ಬಳಿಕ ಪೂರ್ವದೇಶೀಯ ಧರ್ಮಸಭೆಗಳ ಸಂಸ್ಕಾರಗಳನ್ನು ರೋಮ್ ಹೆಚ್ಚಿನ ಗೌರವದಿಂದ ಕಾಣತೊಡಗಿತು. ಅದೇ ಸಭೆ ೧೯೬೩ರಲ್ಲಿ ಅಂಗೀಕರಿಸಿದ ಆರಾಧನಾ ಸುಧಾರಣೆಯ ಫಲವಾಗಿ ಸಂಸ್ಕಾರಗಳು ಲತೀನಿನ ಬದಲು ಕೊಂಕಣಿ ಮತ್ತು ಕನ್ನಡಗಳಲ್ಲಿ ನಡೆಯತೊಡಗಿದವು. ೧೯೭೨ರ ಶಾಸನವು ಮರಣಕಾಲದ ಅಂತ್ಯಾಭ್ಯಂಗವನ್ನು ರೋಗಿಗಳ ಅಭ್ಯಂಗವಾಗಿ ವಿಸ್ತರಿಸಿ, ಸಾವಿನ ಸೂಚನೆಯೆನಿಸಿದ್ದ ತೈಲಕ್ಕೆ ಸಾಂತ್ವನದ ಅರ್ಥವನ್ನು ಮರಳಿ ಕೊಟ್ಟಿತು.

ಸಮಾರೋಪ

ಮೂರೂ ಕಾಲಗಳನ್ನು ಒಟ್ಟಿಗೆ ಇರಿಸಿ ನೋಡಿದಾಗ ಒಂದು ವಿನ್ಯಾಸ ಗೋಚರಿಸುತ್ತದೆ. ಅಧಿಕಾರಿಗಳು ಇಬ್ಬರಾದಾಗಲೂ, ಯಾರೂ ಇಲ್ಲವಾದಾಗಲೂ, ಸಮುದಾಯವೇ ಒಡೆದಾಗಲೂ ಅಲುಗಾಡಿದವು ಅಧಿಕಾರವನ್ನು ಆಶ್ರಯಿಸಿದ ಸಂಸ್ಕಾರಗಳು. ನಿಂತದ್ದು ನೀರಿನ ಸಂಸ್ಕಾರ. ಹಾಗೆಂದು ಅಧಿಕಾರವನ್ನು ಬೇಡುವ ನಿಯಮಗಳನ್ನು ನಿರರ್ಥಕವೆಂದು ತಳ್ಳಿಹಾಕುವಂತಿಲ್ಲ. ಸಾಕ್ಷಿಗಳ ಮುಂದೆ ನಡೆದ ಮದುವೆ ಹೆಣ್ಣಿಗೆ ರಕ್ಷಣೆಯಾಗಿತ್ತು. ನಿಯುಕ್ತ ಗುರುವಿನ ಬಾಯಿಂದ ಬಂದ ಕ್ಷಮೆ ಊರಿಗೆಲ್ಲ ಒಪ್ಪಿಗೆಯಾಗುವ ಮರುಸೇರ್ಪಡೆಯಾಗಿತ್ತು. ಈ ಎರಡರ ಬಗೆಗೆ ಜನ ಅಷ್ಟೊಂದು ತಳಮಳಗೊಂಡದ್ದು ಅವು ಸಾಮಾಜಿಕ ಬದುಕಿನ ಬುಡದಲ್ಲಿದ್ದುದರಿಂದ.

ಕರಾವಳಿಯ ಕಥೋಲಿಕ ಧರ್ಮಕೇಂದ್ರಗಳಲ್ಲಿ ಇಂದಿಗೂ ಜ್ಞಾನಸ್ನಾನದ ದಾಖಲೆಪುಸ್ತಕದಲ್ಲಿ ಮಗುವಿನ, ತಂದೆತಾಯಿಯರ, ಧರ್ಮಪಿತ ಮತ್ತು ಧರ್ಮಮಾತೆಯರ ಹೆಸರುಗಳನ್ನು ಬರೆಯಲಾಗುತ್ತದೆ. ಮುಂದೆ ಆ ಮಗುವಿನ ದೃಢೀಕರಣ, ವಿವಾಹ ಅಥವಾ ಗುರುದೀಕ್ಷೆಯ ವಿವರ ಅದೇ ದಾಖಲೆಯ ಪಕ್ಕದಲ್ಲಿ ಸೇರುತ್ತದೆ. ಚರಿತ್ರೆಯ ವಿದ್ಯಾರ್ಥಿಗೆ ಅದು ಕುಲವೃತ್ತಾಂತದ ಆಕರ. ವಿಶ್ವಾಸಿಗಳಿಗೆ ಅದು, ೧೭೯೯ರಲ್ಲಿ ಮರಳಿ ಬಂದವರಿಗೆ ಆಗಿದ್ದಂತೆಯೇ, ಎಷ್ಟು ದೂರ ಹೋದರೂ ಅಳಿಸಿಹೋಗದ ಒಂದು ಹೆಸರು.